ಅಡುಗೆ ಒಂದೇ ಇರಲಿ, ಊಟಕ್ಕೆ ನೀವೂ ಕೂತುಕೊಳ್ಳಿ

ಸೇಡಂನ ಅಕ್ಕಾ, ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಅದರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಯಜಮಾನರಿಗೆ 46 ವರ್ಷ, ಬಟ್ಟೆ ಅಂಗಡಿ, ದಿನವಿಡೀ ಗಲ್ಲೆ ಮೇಲೆ ಕೂತ ಕೆಲಸ. ಕಳೆದ ತಿಂಗಳು ಟೆಸ್ಟ್ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್ (HbA1c ಅನ್ನುವ ಟೆಸ್ಟ್) 6.1 ಬಂತು. ಡಾಕ್ಟರ್ ‘ಬಾರ್ಡರ್‌ನಲ್ಲಿದೆ, ಈಗಲೇ ಮಾತ್ರೆ ಬೇಡ, ಊಟ ನೋಡಿಕೊಳ್ಳಿ, ನಡೆಯಿರಿ’ ಅಂದರು. ಅವತ್ತಿನಿಂದ ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ರೊಟ್ಟಿ ಬಿಟ್ಟಿದ್ದಾರೆ, ಓಟ್ಸ್, ಕಿನೋವಾ ತರಿಸಿದ್ದಾರೆ, ಯಾವುದೋ ಶುಗರ್ ಚೂರ್ಣಾನೂ ಬಂದಿದೆ. ನಿಮಗೆ ಮನೆಯಲ್ಲಿ ಮೂರು ಅಡುಗೆ. ಅವರಿಗೊಂದು, ಮಕ್ಕಳಿಗೊಂದು, ಅತ್ತೆಯವರಿಗೊಂದು. ರೊಟ್ಟಿ ನಿಜವಾಗಿ ಶುಗರ್‌ಗೆ ಕೆಟ್ಟದ್ದಾ, ಈ ಬಿಸಿಲಲ್ಲಿ ವಾಕಿಂಗ್ ಹೆಂಗೆ, ಜಿಮ್‌ಗೆ ಹಾಕಬೇಕಾ ಅಂತ ಕೇಳಿದ್ದೀರಿ.

ಆದರೆ ನನ್ನ ಕಣ್ಣು ನಿಂತದ್ದು ಪತ್ರದ ಕೊನೆ ಸಾಲಿನಲ್ಲಿ. ‘ನನಗೂ ಸುಸ್ತು ಜಾಸ್ತಿ, ರಕ್ತ 9.4 ಐತಂತ, ಅದು ಇರ್ಲಿ ಬಿಡ್ರಿ’ ಅಂತ ಬರೆದಿದ್ದೀರಿ. ಇಲ್ಲ ಅಕ್ಕಾ, ಅದನ್ನು ಬಿಡುವಂತಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಈಗ ತುರ್ತಾಗಿ ನೋಡಬೇಕಾದ ರಿಪೋರ್ಟ್ ಅವರದ್ದಲ್ಲ, ನಿಮ್ಮದು.

ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. 11ಕ್ಕಿಂತ ಕೆಳಗೆ ಬಂದರೆ ಅದು ಮಧ್ಯಮ ಮಟ್ಟದ್ದು. ನೀವು ಅಲ್ಲಿದ್ದೀರಿ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ಆದರೆ ತಲೆ ಭಾರ, ಮಕ್ಕಳ ಮೇಲೆ ಸುಮ್ನೆ ಸಿಟ್ಟು ಬರ್ತದೆ ಅಂತ ಬರೆದಿದ್ದೀರಲ್ಲ, ಇದಕ್ಕೆಲ್ಲ ರಕ್ತ ಕಡಿಮೆ ಇರುವುದೇ ಕಾರಣ ಇರಬಹುದು. ನೀವೊಬ್ಬರೇ ಹೀಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ! ಇಷ್ಟು ಜನರಿಗೆ ಇದೆ ಅನ್ನುವ ಕಾರಣಕ್ಕೇ ನಾವು ಅದನ್ನು ಕಾಯಿಲೆ ಅಂತ ನೋಡುವುದನ್ನು ಬಿಟ್ಟಿದ್ದೇವೆ ಅನಿಸುತ್ತದೆ. ಹೆಂಗಸರಿಗೆ ಸುಸ್ತು ಇದ್ದದ್ದೇ ಅಂದುಕೊಂಡು ಕೆಲಸ ಮುಂದುವರಿಸುತ್ತೇವೆ. ಇದು ನನಗೆ ತುಂಬಾ ಬೇಜಾರಿನ ವಿಷಯ.

9.4 ಇದ್ದಾಗ ಬರೀ ಊಟದಿಂದ ಸರಿಹೋಗುತ್ತದೆ ಅಂತ ಕಾಯಬೇಡಿ. ಡಾಕ್ಟರ್ ಹತ್ತಿರ ಹೋಗಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ನಾಚಿಕೊಳ್ಳದೆ ಹೇಳಿ, ಏಕೆಂದರೆ ರಕ್ತ ಸೋರುವ ಕಡೆ ನೋಡದೆ ಬರೀ ಮಾತ್ರೆ ನುಂಗಿದರೆ ತೂತಿನ ಕೊಡಕ್ಕೆ ನೀರು ತುಂಬಿಸಿದಂತೆ. ಜಂತುಹುಳದ ಮಾತ್ರೆ ಬೇಕಾ ಅಂತಲೂ ಕೇಳಿ. ಕಬ್ಬಿಣದ ಮಾತ್ರೆ ತಗೊಂಡಾಗ ಮಲ ಕಪ್ಪಗಾಗುತ್ತದೆ, ಕೆಲವರಿಗೆ ಮಲಬದ್ಧತೆ, ಹೊಟ್ಟೆ ತೊಳಸಿದಂತೆ ಆಗುತ್ತದೆ. ಕಪ್ಪಗಾದರೆ ಹೆದರಬೇಡಿ. ತೊಂದರೆ ಜಾಸ್ತಿ ಆದರೆ ನೀವೇ ಮಾತ್ರೆ ನಿಲ್ಲಿಸಬೇಡಿ. ಹೇಳಿದರೆ ಡಾಕ್ಟರ್ ಬೇರೆ ಮಾತ್ರೆ ಕೊಡ್ತಾರೆ, ಇಲ್ಲಾ ಹೊತ್ತು ಬದಲಿಸ್ತಾರೆ.

ಇನ್ನೊಂದು, ಚಾ. ಊಟ ಆದ ತಕ್ಷಣ ಒಂದು ಕಪ್ ಚಾ ಕುಡಿದರೇನೇ ಸಮಾಧಾನ ಅಂದಿದ್ದೀರಿ. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಚಾ ಬಿಡಬೇಕಿಲ್ಲ. ಊಟಕ್ಕೂ ಮಾತ್ರೆಗೂ ಹಿಂದೆ ಮುಂದೆ ಒಂದು ತಾಸಾದರೂ ದೂರ ಇಡಿ. ಬದಲಿಗೆ ಊಟದ ಜೊತೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಪೇರಲಹಣ್ಣು ಸಿಕ್ಕರೆ ತಿನ್ನಿ. ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತ ಏರುತ್ತದೆ ಅಂತ ಅಕ್ಕಪಕ್ಕದವರು ಹೇಳಿರುತ್ತಾರೆ. ಬಣ್ಣ ಕೆಂಪು, ಅಷ್ಟೇ. ಅವುಗಳಲ್ಲಿ ಕಬ್ಬಿಣ ಬಹಳ ಇಲ್ಲ. ಅದಕ್ಕೆ ದುಡ್ಡು ಸುರಿಯುವ ಬದಲು ರಾಜಗಿರಿ, ಮೆಂತ್ಯ ಪಲ್ಲೆ, ಬೇಳೆ, ಮಡಕಿ ಕಾಳು ಜಾಸ್ತಿ ಮಾಡಿ. ನಿಮ್ಮಲ್ಲಿ ಮೊಟ್ಟೆ, ಮಾಂಸ ತಿನ್ನುವುದಿದ್ದರೆ ನಿಮ್ಮ ತಟ್ಟೆಗೂ ಸರಿಯಾದ ಪಾಲು ಬರಲಿ. ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದದ್ದು ನಿಮ್ಮ ಊಟ ಅಂತ ಇರಬಾರದು.

ಈಗ ರೊಟ್ಟಿಯ ಪ್ರಶ್ನೆ.

ಜೋಳ ಬಿಟ್ಟು ಓಟ್ಸ್ ತಿಂದರೆ ಏನೋ ದೊಡ್ಡ ಲಾಭ ಇದೆ ಅಂತ ನಿಮ್ಮ ಯಜಮಾನರಿಗೆ ಯಾರು ಹೇಳಿದರೋ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಓಟ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದೂ ಒಳ್ಳೆ ಕಾಳೇ. ಆದರೆ ಹೊಲದಲ್ಲಿ ಬೆಳೆಯುವ, ಮನೆಮಂದಿಗೆಲ್ಲ ಒಗ್ಗಿದ ಜೋಳ ಕೈಯಲ್ಲಿರುವಾಗ ಅದಕ್ಕಿಂತ ಹಲವು ಪಟ್ಟು ಬೆಲೆ ಕೊಟ್ಟು ಡಬ್ಬಿ ತರಿಸಿ, ಹೆಂಡತಿಗೆ ಇನ್ನೊಂದು ಪಾತ್ರೆ ತೊಳೆಯಲು ಹಚ್ಚುವುದು ಯಾಕೆ? ಅದೂ ಸಕ್ಕರೆ ಹಾಕಿದ ಫ್ಲೇವರ್ ಓಟ್ಸ್ ಆದರೆ ಮುಗಿದೇ ಹೋಯಿತು. ಪಾಕೀಟಿನ ಹಿಂದೆ ಒಮ್ಮೆ ಓದಿ ನೋಡಿ.

ಹಾಗಂತ ಜೋಳ ಎಷ್ಟು ತಿಂದರೂ ನಡೆಯುತ್ತದೆ ಅಂತಲ್ಲ. ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಆಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ನಮ್ಮ ಕಡೆ ಊಟದ ರೀತಿ ನಿಮಗೆ ಗೊತ್ತೇ ಇದೆ. ಮೂರ್ನಾಲ್ಕು ರೊಟ್ಟಿ ಮುಗಿಸಿ, ಆಮೇಲೆ ‘ಒಂಚೂರು ಅನ್ನ’ ಅಂತ ಒಂದು ಗುಡ್ಡೆ ಬಡಿಸಿಕೊಳ್ಳುತ್ತೇವೆ. ತೊಂದರೆ ಅಲ್ಲಿದೆ. ಯಜಮಾನರಿಗೆ ಎರಡು ರೊಟ್ಟಿ ಸಾಕು. ಪಲ್ಲೆ ಈಗ ಬಡಿಸುವುದಕ್ಕಿಂತ ದುಪ್ಪಟ್ಟು ಬಡಿಸಿ. ಬೇಳೆ ನೀರಾಗಿ ಇರದೆ ಗಟ್ಟಿಯಾಗಿರಲಿ. ಅನ್ನ ಬೇಕೇ ಬೇಕು ಅಂದರೆ ಒಂದು ಹಿಡಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ. ಬೇಳೆ ಅಂದರೆ ತೊಗರಿ ಇದ್ದೇ ಇದೆಯಲ್ಲ, 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಬೆಳೆಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಊರಿನ ಬೇಳೆಗೆ ದೇಶವೇ ಮರ್ಯಾದೆ ಕೊಟ್ಟಿರುವಾಗ ನಾವು ಪ್ರೋಟೀನ್ ಪೌಡರ್ ಹುಡುಕುವುದು ಬೇಡ. ಪುಂಡಿ ಪಲ್ಲೆಗೆ ಬೇಳೆ ಹಾಕಿ ಮಾಡುತ್ತೀರಲ್ಲ, ಅದನ್ನು ಇಡೀ ಮನೆ ತಿನ್ನಬಹುದು. ಅತ್ತೆಯವರಿಗೆ ಹಲ್ಲಿನ ತೊಂದರೆ ಅಂದಿರಿ, ಅವರಿಗೆ ಅದೇ ಬಿಸಿ ರೊಟ್ಟಿಯನ್ನು ಮುಟಗಿ ಮಾಡಿ ಕೊಡಿ. ಅಡುಗೆ ಒಂದೇ ಆಯಿತು. ಅಗಸಿ ಹಿಂಡಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಇರಲಿ, ಒಂದು ಚಮಚ ಸಾಕು, ಕುಟ್ಟುವಾಗ ಉಪ್ಪು ಕಡಿಮೆ ಹಾಕಿ. ದಿನಕ್ಕೆ ಒಬ್ಬರಿಗೆ ಎಲ್ಲಾ ಸೇರಿ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ತಟ್ಟೆಗೆ ಬಂದರೆ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ಇನ್ನು ಅಂಗಡಿ. ಗಿರಾಕಿ ಬಂದಾಗಲೆಲ್ಲ ಚಾ ತರಿಸುತ್ತಾರೆ, ದಿನಕ್ಕೆ ಐದಾರು ಆಗುತ್ತದೆ ಅಂದಿದ್ದೀರಿ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಹಿಡಿದರೂ ಆರು ಚಹಾಕ್ಕೆ 50 ಗ್ರಾಂ ಹತ್ತಿರ ಹೋಗುತ್ತದೆ. ಇಡೀ ದಿನಕ್ಕೆ ಅದೇ ಮೇಲಿನ ಮಿತಿ, ಅರ್ಧ ಆದರೆ ಇನ್ನೂ ಒಳ್ಳೆಯದು. ಅವರು ರೊಟ್ಟಿ ಬಿಟ್ಟು ಈ ಚಾ ಬಿಡದೇ ಇದ್ದಾರೆ! ಸಂಜೆ ಮಿರ್ಚಿ ಭಜಿ, ಚುರುಮುರಿ ಬೇರೆ. ಎರಡು ಚಹಾಕ್ಕೆ ಇಳಿಸಲಿ, ಸಕ್ಕರೆ ಮೆಲ್ಲಗೆ ಕಡಿಮೆ ಮಾಡಲಿ. ಬೆಲ್ಲದ ಚಾ ಆದರೆ ಪರವಾಗಿಲ್ಲ ಅನ್ನುವುದು ಸುಳ್ಳು, ಶುಗರ್‌ಗೆ ಬೆಲ್ಲವೂ ಒಂದೇ. ಗಿರಾಕಿಗಳ ಜೊತೆ ಮಜ್ಜಿಗೆ ಕುಡಿದರೂ ಮಾತು ಚೆನ್ನಾಗೇ ಆಗುತ್ತದೆ, ಈ ಬಿಸಿಲಿಗೆ ಅವರೂ ಖುಷಿ ಪಡುತ್ತಾರೆ. ಮಿರ್ಚಿ ವಾರಕ್ಕೊಮ್ಮೆ ಇರಲಿ. ಚೂರ್ಣದಲ್ಲಿ ಏನೇನು ಹಾಕಿದ್ದಾರೆ ಅಂತ ಡಬ್ಬಿ ಮೇಲೆ ಸರಿಯಾಗಿ ಬರೆದಿಲ್ಲ ಅಂದಿದ್ದೀರಿ, ಹಾಗಿದ್ದರೆ ಅದನ್ನು ಡಾಕ್ಟರ್‌ಗೆ ತೋರಿಸದೆ ಒಂದು ಚಮಚವೂ ಬೇಡ.

ನಡಿಗೆಯ ಮಾತಿಗೆ ಬರೋಣ. ಬಾರ್ಡರ್ ಅಂದರೆ ಇನ್ನೂ ಕೈಯಲ್ಲಿದೆ ಅಂತ ಅರ್ಥ. 5.7ರಿಂದ 6.4ರವರೆಗೆ ಆ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಚೆನ್ನೈ ವೈದ್ಯರು ಹೀಗೆ ಗಡಿಯಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ತಿದ್ದಿಕೊಂಡು ದಿನಾ ಅರ್ಧ ತಾಸು ನಡೆಯಿರಿ ಅಂತ ಹೇಳಿಸಿಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ. 28ರಷ್ಟು ಕಡಿಮೆಯಾಗಿತ್ತು. ನಮ್ಮಂಥ ಜನ, ನಮ್ಮಂಥ ಊಟ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು.

ಬಿಸಿಲು ನಿಜ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ ಅಂದಮೇಲೆ ವಾಕಿಂಗ್ ಹೊತ್ತನ್ನೂ ಬದಲಿಸಲೇಬೇಕು. ಬೆಳಗಿನ ಐದೂವರೆಗೆ ಎದ್ದು ಇಪ್ಪತ್ತು ನಿಮಿಷ, ರಾತ್ರಿ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ. ಊಟದ ನಂತರದ ಆ ಹತ್ತು ನಿಮಿಷ ಶುಗರ್ ಏರದಂತೆ ತಡೆಯಲು ಬಹಳ ಒಳ್ಳೆಯದು. ಸಿಮೆಂಟ್ ಲಾರಿ ಓಡಾಡುವ ದೊಡ್ಡ ರಸ್ತೆ ಬೇಡ, ಧೂಳೂ ಜಾಸ್ತಿ, ಅಪಾಯವೂ ಜಾಸ್ತಿ. ರಾತ್ರಿ ನಡಿಗೆಗೆ ನೀವೂ ಹೋಗಿ, ಆದರೆ ರಕ್ತ ಏರುವ ತನಕ ನಿಧಾನವಾಗಿ. ಏದುಸಿರು ಬಂದರೆ ನಿಲ್ಲಿ. ಹಾಂ, ನೀವು ಹೊರಡುವ ಮೊದಲು ಪಾತ್ರೆ ತೊಳೆದೇ ಹೊರಡಬೇಕು ಅಂತೇನಿಲ್ಲ, ಮಕ್ಕಳು ದೊಡ್ಡವರಿದ್ದಾರೆ, ಅವರು ತೊಳೆಯಲಿ.

ಜಿಮ್ ಈಗ ಬೇಡ. ಬಿಪಿ ನೋಡಿಸಿ, ಡಾಕ್ಟರ್ ಒಪ್ಪಿದರೆ ಆಮೇಲೆ ಹೋಗಬಹುದು. ಅಲ್ಲಿಯ ತನಕ ಅರ್ಧ ತಾಸಿಗೊಮ್ಮೆ ಗಲ್ಲೆಯಿಂದ ಏಳಲಿ. ಬಟ್ಟೆ ಥಾನು ಹುಡುಗನ ಕೈಲಿ ತರಿಸುವ ಬದಲು ತಾವೇ ತೆಗೆಯಲಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲಿ, ಕಾಲಿಗೆ ಬಲ ಬರುತ್ತದೆ.

ಅವರ ಮೂರು ತಿಂಗಳ ಸರಾಸರಿ ಟೆಸ್ಟನ್ನು ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿ. ನಿಮ್ಮ ಹಿಮೋಗ್ಲೋಬಿನ್ ಮಾತ್ರೆ ಶುರುವಾದ ಒಂದು ತಿಂಗಳಿಗೇ ನೋಡಿಸಿ, 12 ದಾಟಿದ ಮೇಲೂ ಡಾಕ್ಟರ್ ಹೇಳುವ ತನಕ ಮಾತ್ರೆ ಬಿಡಬೇಡಿ. ನಿಮ್ಮದೂ ಶುಗರ್ ನೋಡಿಸುವುದಾದರೆ ರಕ್ತ ಕಡಿಮೆ ಇರುವುದನ್ನು ಮೊದಲೇ ಹೇಳಿ, ಕಬ್ಬಿಣದ ಕೊರತೆ ಇದ್ದಾಗ ಆ ಸರಾಸರಿ ಲೆಕ್ಕ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಈ ಸೋಮವಾರ ಯಜಮಾನರು ಅಂಗಡಿ ಒಂದು ತಾಸು ತಡವಾಗಿ ತೆಗೆಯಲಿ, ನಿಮ್ಮನ್ನು ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋಗಲಿ. ಈ ಪುಟ ಅವರಿಗೂ ತೋರಿಸಿ.

— ಸಂಪಾದಕ