ಕಂಟ್ರೋಲ್ ಚಾರ್ಟ್ ಫ್ಯಾಕ್ಟರಿಗೆ ಸರಿ, ಆಸ್ಪತ್ರೆಗೂ ಆಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಆಸ್ಪತ್ರೆಯ ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ. ಪ್ರತಿ ತಿಂಗಳ ಮೀಟಿಂಗಿನಲ್ಲೂ "ಈ ಸಲ ಯಾಕೆ ಜಾಸ್ತಿ ಆಯ್ತು?" ಅಂತ ಕೇಳುತ್ತಾರೆ. ಯಾರೋ ಕಂಟ್ರೋಲ್ ಚಾರ್ಟ್ ಹಾಕಿ ಅಂದಿದ್ದಾರೆ, ಅಂದರೆ ತಿಂಗಳ ಅಂಕಿಗಳನ್ನು ಸಾಲಾಗಿ ಚುಕ್ಕಿ ಇಟ್ಟು, ಮಾಮೂಲಿ ಏರಿಳಿತ ಎಲ್ಲಿವರೆಗೆ ಅಂತ ಮೇಲೆ ಕೆಳಗೆ ಗೆರೆ ಎಳೆದ ಗ್ರಾಫ್. ನಟ್ಟು ಬೋಲ್ಟು ಅಳೆಯುವವರ ಚಾರ್ಟು ರೋಗಿಗಳ ವಿಷಯಕ್ಕೆ ಹೊಂದುತ್ತದಾ ಅನ್ನೋದು ನಿಮ್ಮ ಅನುಮಾನ. ನಾನೂ ಕೆಲವು ವರ್ಷ ಇದೇ ಕೆಲಸ ಮಾಡಿದವನು. ಹೊಂದುತ್ತದೆ. ಆದರೆ ಆಸ್ಪತ್ರೆಯಲ್ಲಿ ಕಾಲು ಜಾರುವ ಜಾಗಗಳೇ ಬೇರೆ.

ಮೊದಲು ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ನಾನು ಸೇರಿದ ವರ್ಷ, ವಾರ್ಡಿನಲ್ಲಿ ರೋಗಿಗಳು ಜಾರಿ ಬೀಳುವ ಲೆಕ್ಕ ನನ್ನ ಪಾಲಿಗೆ ಬಂತು. ಹನ್ನೆರಡು ತಿಂಗಳ ಅಂಕಿ ಇದು: 6, 4, 7, 5, 9, 4, 6, 3, 7, 5, 8, 6. ಐದನೇ ತಿಂಗಳು 9 ಬಂದಾಗ ದೊಡ್ಡ ಗಲಾಟೆ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಮೆಮೊ ಹೋಯಿತು. ನಾನು ಕೂತು ಎರಡು ಪುಟ ಕಾರಣ ಬರೆದೆ. ಗೋಡೆಗೆ ಪೋಸ್ಟರ್ ಅಂಟಿಸಿದೆವು. ಮುಂದಿನ ತಿಂಗಳು 4! ಪೋಸ್ಟರ್ ಕೆಲಸ ಮಾಡಿತು ಅಂತ ಎಲ್ಲರಿಗೂ ಖುಷಿ. ಆಮೇಲೆ 7 ಬಂತು, 8 ಬಂತು. ಪೋಸ್ಟರ್ ಗೋಡೆ ಮೇಲೇ ಇತ್ತು.

ಈಗ ಅದೇ ಅಂಕಿಗೆ ಚಾರ್ಟ್ ಹಾಕೋಣ. ಒಟ್ಟು 70, ತಿಂಗಳಿಗೆ ಸರಾಸರಿ 5.8. ಇಂಥ ಎಣಿಕೆಗೆ ಲೆಕ್ಕ ತುಂಬಾ ಸುಲಭ: ಸರಾಸರಿಯ ವರ್ಗಮೂಲ ತೆಗೆಯಿರಿ, ಸುಮಾರು 2.4. ಅದರ ಮೂರು ಪಟ್ಟು 7.2. ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ 13. ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಹಾಗಾಗಿ ಕೆಳಗಿನ ಗೆರೆ ಇಲ್ಲ. ನಂಬಿಕೆ ಬರಲಿಲ್ಲವೇ? ಇನ್ನೊಂದು ದಾರಿಯಲ್ಲಿ ನೋಡಿ. ಪಕ್ಕಪಕ್ಕದ ತಿಂಗಳುಗಳ ವ್ಯತ್ಯಾಸ ತೆಗೆಯಿರಿ: 2, 3, 2, 4, 5... ಅವುಗಳ ಸರಾಸರಿ 2.9. ಅದನ್ನು 2.66ರಿಂದ (ಈ ಲೆಕ್ಕಕ್ಕೆ ಯಾವಾಗಲೂ ಇದೇ ಸಂಖ್ಯೆ) ಗುಣಿಸಿ 5.8ಕ್ಕೆ ಸೇರಿಸಿದರೆ ಸುಮಾರು 13.6. ಎರಡು ದಾರಿಯಲ್ಲೂ ಹತ್ತಿರ ಹತ್ತಿರ ಒಂದೇ ಉತ್ತರ. (ವಾರ್ಡಿನಲ್ಲಿ ರೋಗಿಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗುತ್ತಿರಲಿಲ್ಲ, ಅದಕ್ಕೇ ಬರೀ ಎಣಿಕೆ ಸಾಕಾಯಿತು. ಹನ್ನೆರಡು ತಿಂಗಳು ಸ್ವಲ್ಪ ಕಡಿಮೆಯೇ. ಇಪ್ಪತ್ತು ದಾಟಿದರೆ ಗೆರೆಗಳನ್ನು ಧೈರ್ಯವಾಗಿ ನಂಬಬಹುದು.)

ಅಂದರೆ 9 ಗೆರೆಯ ಒಳಗೇ ಇದೆ. ಅದೇ ವಾರ್ಡು, ಅಷ್ಟೇ ಸಿಬ್ಬಂದಿ, ಅದೇ ಬಾತ್‌ರೂಮ್. ಒಂದು ತಿಂಗಳು 3 ಕೊಡುತ್ತದೆ, ಇನ್ನೊಂದು ತಿಂಗಳು 9 ಕೊಡುತ್ತದೆ. ಆ ಸಿಸ್ಟರ್‌ಗೆ ನಾವು ಮೆಮೊ ಕೊಟ್ಟದ್ದು ದಾಳ ಹೇಗೆ ಬಿತ್ತು ಅನ್ನೋದಕ್ಕೆ. ನನಗೆ ಇವತ್ತಿಗೂ ಬೇಜಾರಿದೆ.

ಚಾರ್ಟಿನ ಕೆಲಸ ಇಷ್ಟೇ: ಯಾವ ಪ್ರಶ್ನೆ ಕೇಳಬೇಕು ಅಂತ ಹೇಳುವುದು. ಚುಕ್ಕಿ ಗೆರೆಯಾಚೆ ಹೋದರೆ "ಆ ತಿಂಗಳು ಏನಾಯಿತು?" ಅಂತ ಕೇಳಿ, ಅದೂ ಜನರಿಗೆ ನೆನಪು ಹಸಿಯಾಗಿರುವಾಗಲೇ. ಎಲ್ಲಾ ಒಳಗಿದ್ದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಕೇಳಿದರೆ ಜನ ಪಾಪ, ಏನೋ ಒಂದು ಹುಟ್ಟಿಸಿ ಹೇಳುತ್ತಾರೆ. ಆಗ ಕೇಳಬೇಕಾದ್ದು "ನಮ್ಮ ವ್ಯವಸ್ಥೆ ವರ್ಷಕ್ಕೆ 70 ಜನರನ್ನು ಯಾಕೆ ಬೀಳಿಸುತ್ತಿದೆ?" ಅಂತ. ಮೊದಲನೆಯದು ವಿಶೇಷ ಕಾರಣ, ಎರಡನೆಯದು ಸಾಮಾನ್ಯ ಕಾರಣ. ಈ ಬೇರ್ಪಡಿಕೆ ವಾಲ್ಟರ್ ಶೂಹಾರ್ಟ್ ಅವರದು. ಭೌತಶಾಸ್ತ್ರ ಓದಿದ ಈ ಮನುಷ್ಯ ಟೆಲಿಫೋನ್ ಸಾಮಾನು ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ, 1924ರ ಮೇ ತಿಂಗಳಲ್ಲಿ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕೊಟ್ಟರು. ಮೊದಲ ಕಂಟ್ರೋಲ್ ಚಾರ್ಟ್ ಅದರಲ್ಲೇ ಇತ್ತು.

ನಾವು ಕೊನೆಗೆ ಮಾಡಿದ್ದೂ ಅದನ್ನೇ. 9 ಬಂದ ತಿಂಗಳೊಂದನ್ನೇ ನೋಡದೆ ವರ್ಷದ 70 ಕೇಸುಗಳನ್ನೂ ಒಟ್ಟಿಗೆ ಹರಡಿಕೊಂಡು ಕೂತೆವು. ಮುಕ್ಕಾಲು ಪಾಲು ರಾತ್ರಿ ಬಾತ್‌ರೂಮಿಗೆ ಎದ್ದವರು. ಕರೆಗಂಟೆ ಹಾಸಿಗೆಯ ತಲೆಯ ಹಿಂದಿನ ಗೋಡೆಯಲ್ಲಿ. ಮಲಗಿದವರ ಕೈಗೆ ಸಿಗುತ್ತಿರಲಿಲ್ಲ. ತಂತಿ ಉದ್ದ ಮಾಡಿಸಿದೆವು, ಮಲಗುವ ಮುಂಚೆ ಒಂದು ಸಲ ಬಾತ್‌ರೂಮಿಗೆ ಕರೆದುಕೊಂಡು ಹೋಗುವ ರೂಢಿ ಮಾಡಿದೆವು. ಆಮೇಲೆ ಯಾವ ತಿಂಗಳೂ ಸಿನಿಮಾದ ಹಾಗೆ ದಿಢೀರನೆ ಇಳಿಯಲಿಲ್ಲ. ಸುಮ್ನೆ ಸಾಲಾಗಿ ಎಂಟು ತಿಂಗಳು 5.8ರ ಕೆಳಗೇ ಬಂತು. ಏನೂ ಬದಲಾಗದೆ ಹಾಗೆ ಬರುವುದು ನಾಣ್ಯ ಚಿಮ್ಮಿದಾಗ ಎಂಟು ಸಲವೂ ಒಂದೇ ಮುಖ ಬಿದ್ದ ಹಾಗೆ. ಇದೂ ಒಂದು ಸೂಚನೆ, ಗೆರೆ ದಾಟಿದಷ್ಟೇ ಗಟ್ಟಿ. ಆಮೇಲೇ ಹೊಸ ಸರಾಸರಿ, ಹೊಸ ಗೆರೆ ಹಾಕಿದೆವು. ಪ್ರತಿ ತಿಂಗಳೂ ಗೆರೆ ಬದಲಿಸುತ್ತಾ ಹೋಗಬೇಡಿ.

ಇನ್ನು ಕಾಲು ಜಾರುವ ಜಾಗಗಳು. ಆಸ್ಪತ್ರೆಯಲ್ಲಿ ಶೇಕಡಾವಾರು ಲೆಕ್ಕಕ್ಕೆ ಬಹಳ ಪ್ರೀತಿ, ಆದರೆ ಒಟ್ಟು ಎಷ್ಟರಲ್ಲಿ ಅನ್ನೋ ಕೆಳಗಿನ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಆಪರೇಷನ್ ಗಾಯದ ಸೋಂಕು ಸರಾಸರಿ ಶೇ. 3 ಅಂದುಕೊಳ್ಳಿ. ಈ ತಿಂಗಳು ಶೇ. 6 ಬಂತು. ದುಪ್ಪಟ್ಟು! ಆದರೆ ಆಪರೇಷನ್ ಆದದ್ದು 50 ಮಾತ್ರ ಅಂದರೆ ಮೇಲಿನ ಗೆರೆ ಶೇ. 10ರ ಮೇಲಿರುತ್ತದೆ, ಈ 6 ಏನೂ ಅಲ್ಲ. 500 ಆಪರೇಷನ್ ಆಗಿದ್ದರೆ ಗೆರೆ ಶೇ. 5.3ಕ್ಕೆ ಇಳಿಯುತ್ತದೆ, ಆಗ ಅದೇ 6ಕ್ಕೆ ಓಡಿ ಹೋಗಿ ನೋಡಬೇಕು. ಅದಕ್ಕೇ ಶೇಕಡಾವಾರು ಚಾರ್ಟಿನಲ್ಲಿ ಗೆರೆ ನೇರವಾಗಿರುವುದಿಲ್ಲ, ತಿಂಗಳ ಸಂಖ್ಯೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ. ಚಂದ ಕಾಣಲ್ಲ ಅಂತ ನೇರ ಮಾಡಬೇಡಿ.

ಅಪರೂಪದ ಘಟನೆಗಳದ್ದು ಬೇರೆಯೇ ತಲೆನೋವು. ತಪ್ಪು ರಕ್ತ ಕೊಟ್ಟದ್ದು, ಹೊಟ್ಟೆಯೊಳಗೆ ಬಟ್ಟೆ ಬಿಟ್ಟದ್ದು, ಇಂಥವು ತಿಂಗಳಿಗೆ ಎಣಿಸಿದರೆ 0, 0, 0, 1, 0. ಚಾರ್ಟ್ ಏನೂ ಹೇಳುವುದಿಲ್ಲ. ಅಲ್ಲಿ ಒಂದು ಘಟನೆಗೂ ಮುಂದಿನ ಘಟನೆಗೂ ನಡುವೆ ಎಷ್ಟು ದಿನ ಅಥವಾ ಎಷ್ಟು ಕೇಸು ಕಳೆಯಿತು ಅಂತ ಎಣಿಸಬೇಕು. ಅದಕ್ಕೆ ಜಿ ಚಾರ್ಟ್, ಟಿ ಚಾರ್ಟ್ ಅಂತ ಬೇರೆ ಬಗೆಗಳಿವೆ. ಇಲ್ಲಿ ಚುಕ್ಕಿ ಮೇಲೆ ಹೋದಷ್ಟೂ ಒಳ್ಳೆಯದು, ಮೀಟಿಂಗಿನಲ್ಲಿ ಇದನ್ನು ಮೊದಲೇ ಹೇಳಿ. ಹೇಳದಿದ್ದರೆ ಒಳ್ಳೆ ಸುದ್ದಿಗೂ ಬೈಸಿಕೊಳ್ಳುತ್ತೀರಿ. ಅನುಭವದ ಮಾತು. ಮತ್ತೆ, ಇಂಥ ಗಂಭೀರ ಕೇಸು ಒಂದೇ ಆದರೂ ತನಿಖೆ ಆಗಲೇಬೇಕು. ಚಾರ್ಟ್ ಸುಮ್ಮನಿದೆ ಅಂತ ನಾವು ಸುಮ್ಮನಿರುವ ಹಾಗಿಲ್ಲ.

ಎಲ್ಲಕ್ಕಿಂತ ಅಪಾಯದ ಪದ "ಕಂಟ್ರೋಲ್". ಚಾರ್ಟ್ ಕಂಟ್ರೋಲ್‌ನಲ್ಲಿದೆ ಅಂದರೆ ಚೆನ್ನಾಗಿದೆ ಅಂತಲ್ಲ, ಹೀಗೇ ಮುಂದುವರಿಯುತ್ತದೆ ಅಂತ. ತಿಂಗಳಿಗೆ ಆರು ಜನ ಬೀಳುವುದೂ ಕಂಟ್ರೋಲ್‌ನಲ್ಲೇ ಇತ್ತಲ್ವಾ? ಹಾಗೇ ಮ್ಯಾನೇಜ್‌ಮೆಂಟ್ ಕೊಟ್ಟ ಗುರಿಯನ್ನು ಗೆರೆ ಮಾಡಿ ಎಳೆಯಬೇಡಿ. ಗೆರೆ ಬರುವುದು ನಿಮ್ಮ ಅಂಕಿಯಿಂದ, ಯಾರ ಆಸೆಯಿಂದಲೂ ಅಲ್ಲ.

ಫ್ಯಾಕ್ಟರಿಗೂ ನಮಗೂ ಇರುವ ನಿಜವಾದ ವ್ಯತ್ಯಾಸ ಅಂದರೆ ನಮ್ಮಲ್ಲಿ "ಕಚ್ಚಾ ಮಾಲು" ಒಂದೇ ಥರ ಇರುವುದಿಲ್ಲ. ಐಸಿಯುಗೆ ತೀರಾ ಕೈಮೀರಿದ ಕೇಸುಗಳು ಬರಲು ಶುರುವಾದರೆ ಸಾವಿನ ಪ್ರಮಾಣ ಏರುತ್ತದೆ, ಆರೈಕೆ ಹಾಗೇ ಇದ್ದರೂ. ಹಾಗಾಗಿ ಸೂಚನೆ ಬಂದಾಗ ನಾನು ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ಕಡೆ ನೋಡುತ್ತೇನೆ: ಎಣಿಸುವ ರೀತಿ ಬದಲಾಯಿತಾ, ರೋಗಿಗಳು ಬದಲಾದರಾ, ಫಾರ್ಮ್ ಬದಲಾಯಿತಾ. ಒಂದು ಸಲ ಬೆಡ್‌ಸೋರ್ (ಮಲಗಿದ್ದಲ್ಲೇ ಇರುವವರಿಗೆ ಆಗುವ ಹುಣ್ಣು) ಏಕಾಏಕಿ ಗೆರೆ ದಾಟಿತು. ನೋಡಿದರೆ ಹೊಸ ಫಾರ್ಮಿನಲ್ಲಿ ಬರೀ ಚರ್ಮ ಕೆಂಪಾದದ್ದನ್ನೂ ಬರೆಯಲು ಒಂದು ಕಾಲಂ ಸೇರಿತ್ತು. ನರ್ಸ್‌ಗಳು ಪ್ರಾಮಾಣಿಕವಾಗಿ ತುಂಬಿದ್ದರು, ಅಷ್ಟೇ.

ಚಾರ್ಟ್ ತೋರಿಸಿದರೆ ಎಲ್ಲರೂ ಒಪ್ಪುತ್ತಾರೆ ಅಂತಲೂ ಅಂದುಕೊಳ್ಳಬೇಡಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಅನ್ನೋ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಲು ಶುರು ಮಾಡಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ತಾಯಂದಿರ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು. ಅದನ್ನು ನೋಡಲು ಯಾವ ಗೆರೆಯೂ ಬೇಕಿರಲಿಲ್ಲ. ಆದರೂ ಆ ಕಾಲದ ಬಹಳಷ್ಟು ವೈದ್ಯರು ಒಪ್ಪಲಿಲ್ಲ.

ನೀವು ಶುರು ಮಾಡುವುದಾದರೆ ಸಾಫ್ಟ್‌ವೇರ್ ಹುಡುಕಬೇಡಿ. ಎರಡು ವರ್ಷದ ಒಂದೇ ಒಂದು ಅಂಕಿ ತೆಗೆದುಕೊಳ್ಳಿ. ಓಪಿಡಿಯಲ್ಲಿ ಕಾಯುವ ಸಮಯ ಒಳ್ಳೆಯ ಆರಂಭ. ಅದರಲ್ಲಿ ಯಾರ ಮೇಲೂ ಸಾವಿನ ಆರೋಪ ಬರುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಕೈಯಲ್ಲೇ ಚುಕ್ಕಿ ಇಟ್ಟು, ಆ 2.66ರ ಲೆಕ್ಕದಿಂದ ಗೆರೆ ಎಳೆಯಿರಿ. ಎಲ್ಲಾ ಚುಕ್ಕಿ ಒಳಗೇ ಇದ್ದರೆ ಆ ಹಾಳೆಯನ್ನೇ ಮುಂದಿನ ಮೀಟಿಂಗಿಗೆ ಒಯ್ಯಿರಿ. "ಈ ಸಲ ಯಾಕೆ ಜಾಸ್ತಿ?" ಅಂತ ಯಾರಾದರೂ ಶುರು ಮಾಡಿದಾಗ ಮೇಜಿನ ಮೇಲೆ ಇಡಿ.