ರಾಜ್ಯದ ಗಡಿ ಬೇರೆ, ಜಿಲ್ಲೆಯ ಗಡಿ ಬೇರೆ

“ಕಣ್ಣೂರಿನಿಂದ ಬೇರ್ಪಡಿಸಿ ಕಾಸರಗೋಡು ಜಿಲ್ಲೆಯನ್ನು ರಚಿಸಲು ರಾಜ್ಯ ಸರಕಾರದ ಒಂದು ಆದೇಶ ಸಾಕಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸುವುದು ಮಾತ್ರ ಏಕೆ ಆಗುವುದಿಲ್ಲ? ಹೊಸ ಜಿಲ್ಲೆ, ಹೊಸ ತಾಲೂಕುಗಳಿಂದ ಕನ್ನಡಿಗರಿಗೆ ಆದ ಪ್ರಯೋಜನವಾದರೂ ಏನು?”
— ಓದುಗರೊಬ್ಬರು, ಪೈವಳಿಕೆ

ಸಂಪಾದಕರ ಉತ್ತರ:

ಮಾನ್ಯರೇ,

ಜಿಲ್ಲೆ, ತಾಲೂಕು, ಗ್ರಾಮಗಳ ವಿಂಗಡಣೆ ರಾಜ್ಯ ಸರಕಾರಕ್ಕೆ ಬಿಟ್ಟ ವಿಷಯ. ಆಂಧ್ರಪ್ರದೇಶವು 2022ರ ಏಪ್ರಿಲಿನಲ್ಲಿ ತನ್ನ 13 ಜಿಲ್ಲೆಗಳನ್ನು 26 ಮಾಡಿಕೊಂಡದ್ದು ಅಧಿಸೂಚನೆಯ ಮೂಲಕವೇ. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರವನ್ನಾದರೋ ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಅಂಥ ಮಸೂದೆಗೆ ರಾಷ್ಟ್ರಪತಿಯವರ ಶಿಫಾರಸು ಬೇಕು. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು, ಆದರೆ ಅದನ್ನು ಒಪ್ಪಲೇಬೇಕೆಂದಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದ ಮೇಲೆಯೂ ತೆಲಂಗಾಣ ರಾಜ್ಯ ರಚನೆಯಾದದ್ದು ಇದರಿಂದಲೇ. ಚಂದ್ರಗಿರಿಯ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿ ವಿವಾದವನ್ನು ಪರಿಶೀಲಿಸಲು ಕೇಂದ್ರ ಸರಕಾರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ನ್ಯಾಯವಾದ ಆ ಶಿಫಾರಸನ್ನು ಸಂಸತ್ತು ಕಾನೂನಾಗಿ ಮಾಡಲಿಲ್ಲ ಎಂಬ ನೋವು ನಮಗೂ ಇದೆ.

ತಮ್ಮ ಎರಡನೆಯ ಪ್ರಶ್ನೆಯನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ತಮ್ಮ ಊರಿನ ಒಂದೇ ಅಡಿಕೆ ತೋಟದ ದಸ್ತಾವೇಜುಗಳನ್ನು ಕಾಲಕ್ರಮದಲ್ಲಿ ಬಿಡಿಸಿಟ್ಟರೆ, 1956ರ ನವೆಂಬರ್ 1ಕ್ಕೆ ಮೊದಲಿನ ಷೆಡ್ಯೂಲಿನಲ್ಲಿ (ಆಸ್ತಿಯ ವಿವರದ ಪಟ್ಟಿಯಲ್ಲಿ) ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು ಎಂದಿರುತ್ತದೆ. ಆ ದಿನ ತಾಲೂಕು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. ಆ ಜಿಲ್ಲೆಯನ್ನು 1957ರಲ್ಲಿ ಒಡೆದ ಮೇಲೆ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ, 2014ರಿಂದ ಮಂಜೇಶ್ವರ ತಾಲೂಕು. ಮೊದಲನೆಯ ಬದಲಾವಣೆ ನಮ್ಮನ್ನು ಮಂಗಳೂರಿನಿಂದ ಕಿತ್ತು ದೂರ ಮಾಡಿತು. ಉಳಿದವು ಕಚೇರಿಯನ್ನು ಹತ್ತಿರ ತಂದವು. ಕಲೆಕ್ಟರರನ್ನು ಕಾಣಲು ನೂರು ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡಬೇಕಾಗಿದ್ದ ಮಂಜೇಶ್ವರದ ಕಡೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಭಾಷೆಯ ದೃಷ್ಟಿಯಿಂದಲೂ ಈ ಒಳಗಡಿಗಳಿಗೆ ಬೆಲೆಯಿದೆ. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡಾ 15ರಿಂದ 20ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳ್ಳೆಯದೆಂದು ಕೇಂದ್ರ ಸರಕಾರದ 1956ರ ಜ್ಞಾಪನಪತ್ರ ಹೇಳುತ್ತದೆ. ತಲಶ್ಶೇರಿಯವರೆಗೂ ಚಾಚಿದ್ದ ಅಂದಿನ ಕಣ್ಣೂರು ಜಿಲ್ಲೆಯ ಲೆಕ್ಕದಲ್ಲಿ ಮುಳುಗಿಹೋಗುತ್ತಿದ್ದ ನಮ್ಮ ಸಂಖ್ಯೆ, ಮಂಜೇಶ್ವರ ತಾಲೂಕಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. (ಮನೆಯಲ್ಲಿ ತುಳು, ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿತವರು ಮಾತೃಭಾಷೆಯ ಗಣತಿಯಲ್ಲಿ ಕನ್ನಡಿಗರೊಂದಿಗೆ ಸೇರುವುದಿಲ್ಲ. ಕನ್ನಡದ ಕಾಗದವೇ ಬೇಕಾಗಿರುವ ಅವರನ್ನು ಅಧಿಕಾರಿಗಳು ಮರೆಯಬಾರದು.) ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ.

ಗಡಿಯ ಬೇಡಿಕೆಯನ್ನು ಸಂಸದರ ಮೂಲಕ ದೆಹಲಿಗೆ ಮುಟ್ಟಿಸುತ್ತಿರೋಣ. ಅದರ ಜೊತೆಗೆ ವಿಲೇಜ್ ಆಫೀಸಿಗೂ ತಾಲೂಕು ಕಚೇರಿಗೂ ಕೊಡುವ ಅರ್ಜಿಯನ್ನು ತಾವು ಕನ್ನಡದಲ್ಲಿಯೇ ಬರೆದು, ಸ್ವೀಕೃತಿ ಪಡೆದುಕೊಳ್ಳಿ. ಮಲಯಾಳದಲ್ಲಿ ಉತ್ತರ ಬಂದರೆ, ಆ ಕಾಯಿದೆಯನ್ನು ಹೆಸರಿಸಿ ಕನ್ನಡದ ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಅದರ ಒಂದು ಪ್ರತಿಯನ್ನು ಕಲೆಕ್ಟರರಿಗೂ, ಇನ್ನೊಂದನ್ನು ಸಂವಿಧಾನದ 350ಬಿ ವಿಧಿಯ ಮೇರೆಗೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೂ ಕಳುಹಿಸಿ.