ಟೀಮ್ ಪೂರ್ತಿ ಪೈಥಾನ್, ನನಗೆ ರಸ್ಟ್ ಇಷ್ಟ. ಆಫೀಸಿನಲ್ಲಿ ಒಪ್ಪಿಸುವುದು ಹೇಗೆ?

ಟೀಮಿನಲ್ಲಿ ಎಂಟು ಜನ, ಕೋಡೆಲ್ಲ ಪೈಥಾನ್. ನೀವು ಒಂದು ವರ್ಷದಿಂದ ಮನೆಯಲ್ಲಿ ಕೂತು ರಸ್ಟ್ ಅನ್ನುವ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೀರಿ. "ಹೊಸ ಸರ್ವೀಸ್‌ಗಳನ್ನು ರಸ್ಟ್‌ನಲ್ಲಿ ಬರೆಯೋಣ" ಅಂದರೆ ಮ್ಯಾನೇಜರ್ ಕಿವಿಗೇ ಹಾಕಿಕೊಳ್ಳುತ್ತಿಲ್ಲ ಅಂತ ಬರೆದಿದ್ದೀರಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ನನ್ನ ಕಥೆಯೂ ಇದೇ ಆಗಿತ್ತು. ಈಗ ನಮ್ಮಲ್ಲಿ ರಸ್ಟ್ ಓಡುತ್ತಿದೆ. ಆದರೆ ಅದು ಬಂದದ್ದು ನಾನು ಮೊದಲು ಹಿಡಿದ ದಾರಿಯಲ್ಲಿ ಅಲ್ಲ.

ಮೊದಲು ನಾನು ಒಂದು ಪ್ರೆಸೆಂಟೇಶನ್ ಮಾಡಿದೆ. ತಮ್ಮ ಸೆಕ್ಯುರಿಟಿ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿ ತಪ್ಪುಗಳಿಂದ (ರಸ್ಟ್ ತಡೆಯುವುದು ಇಂಥವನ್ನೇ) ಆದವು ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತಲ್ಲ, ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: "ಅದು ಸಿ, ಸಿ ಪ್ಲಸ್ ಪ್ಲಸ್ ಬರೆಯೋರ ಕಷ್ಟ. ಪೈಥಾನ್‌ನಲ್ಲಿ ನಮಗೆ ಆ ತೊಂದರೆ ಎಲ್ಲಿದೆ?" ಅವರ ಮಾತು ಸರಿ. ನಾನು ಬೇರೆಯವರ ಕಾಯಿಲೆಗೆ ನಮ್ಮವರಿಗೆ ಔಷಧಿ ಕೊಡಲು ಹೊರಟಿದ್ದೆ. ಆಮೇಲೆ ಮ್ಯಾನೇಜರ್ ಒಂದೇ ಪ್ರಶ್ನೆ ಕೇಳಿದರು: "ನೀವು ರಜೆ ಹಾಕಿ ಊರಿಗೆ ಹೋದಾಗ ಇದು ರಾತ್ರಿ ಎರಡು ಗಂಟೆಗೆ ಬಿದ್ದರೆ ಯಾರು ನೋಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಎರಡು ಪ್ರಶ್ನೆಗಳನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ನಿಮ್ಮ ಮ್ಯಾನೇಜರ್ ಮನಸ್ಸಿನಲ್ಲೂ ಇವೇ ಇರುತ್ತವೆ. ಭಾಷೆ ಎಷ್ಟು ಚೆನ್ನಾಗಿದೆ ಅನ್ನುವುದು ಇವಕ್ಕೆ ಉತ್ತರ ಆಗುವುದಿಲ್ಲ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ನೋವಿತ್ತು. ಡೀಲರ್‌ಗಳು ಕಳಿಸುವ ಸ್ಟಾಕ್ ಫೈಲುಗಳನ್ನು ಓದುವ ರಾತ್ರಿಯ ಜಾಬ್. ಮೂರೂವರೆ ಗಂಟೆ ಓಡುತ್ತಿತ್ತು. ತಿಂಗಳ ಕೊನೆಯಲ್ಲಿ ಬೆಳಿಗ್ಗೆಯಾದರೂ ಮುಗಿಯುತ್ತಿರಲಿಲ್ಲ, ಸಪೋರ್ಟ್‌ನವರಿಗೆ ಫೋನ್ ಮೇಲೆ ಫೋನ್. ನಾನು ರಸ್ಟ್ ಮಾತು ಬಿಟ್ಟು ಅದರ ಮೇಲೆ ಪೈ-ಸ್ಪೈ ಓಡಿಸಿದೆ. ಓಡುತ್ತಿರುವ ಪೈಥಾನ್ ಪ್ರೋಗ್ರಾಮನ್ನು ನಿಲ್ಲಿಸದೆ, ಅದರ ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಟೂಲ್ ಅದು. ಸಾಲುಗಳನ್ನು ಒಡೆದು ತಪಾಸಣೆ ಮಾಡುವ ಒಂದೇ ಒಂದು ಫಂಕ್ಷನ್ ಬಹುಪಾಲು ಸಮಯ ತಿನ್ನುತ್ತಿತ್ತು. ಪೈ-ಸ್ಪೈ ಕೊಟ್ಟ ಚಿತ್ರವನ್ನು ಟೀಮಿಗೆ ತೋರಿಸಿ, "ಈ ಒಂದು ಫಂಕ್ಷನ್ ಮಾತ್ರ ಬದಲಾಯಿಸುತ್ತೇನೆ, ಹಳೆಯದು ಹಾಗೇ ಇರಲಿ, ಒಂದು ಸೆಟ್ಟಿಂಗ್ ಬದಲಿಸಿದರೆ ವಾಪಸ್ ಹೋಗಬಹುದು" ಅಂದೆ. ಎರಡು ವಾರ ಸಿಕ್ಕಿತು.

ರಸ್ಟನ್ನು ಪೈಥಾನಿಗೆ ಜೋಡಿಸುವ ಪೈಒ3 ಲೈಬ್ರರಿ ಮತ್ತು ಅದನ್ನು ಬಿಲ್ಡ್ ಮಾಡುವ ಮ್ಯಾಟುರಿನ್ ಟೂಲ್ ಇದ್ದರೆ ರಸ್ಟ್ ಫಂಕ್ಷನ್ನನ್ನು ಸಾಮಾನ್ಯ ಪೈಥಾನ್ ಮಾಡ್ಯೂಲ್ ತರಹ ಇಂಪೋರ್ಟ್ ಮಾಡಬಹುದು. ನಾನು ಇಲ್ಲಿ ಎರಡು ಕಡೆ ಎಡವಿದೆ, ನೀವು ಎಡವಬೇಡಿ. ಮ್ಯಾಟುರಿನ್ ಡೆವಲಪ್ ಅಂತ ಸುಮ್ನೆ ಕೊಟ್ಟರೆ ತಪ್ಪು ಹುಡುಕಲು ಅನುಕೂಲವಾದ ಡೀಬಗ್ ಬಿಲ್ಡ್ ಆಗುತ್ತದೆ, ಅದು ನಿಧಾನ. ಅಳತೆ ಮಾಡುವ ಮೊದಲು ರಿಲೀಸ್ ಮೋಡ್ ಹಾಕಿ. ಎರಡನೆಯದು ಇನ್ನೂ ಮುಖ್ಯ. ನಾನು ಪೈಥಾನ್ ಲೂಪಿನ ಒಳಗಿಂದ ಒಂದೊಂದು ಸಾಲಿಗೂ ರಸ್ಟ್ ಫಂಕ್ಷನ್ ಕರೆಯುತ್ತಿದ್ದೆ. ಲಕ್ಷಗಟ್ಟಲೆ ಸಲ ಸ್ಟ್ರಿಂಗ್ ಆಚೆಯಿಂದ ಈಚೆಗೆ ಬರುವುದರಲ್ಲೇ ಲಾಭವೆಲ್ಲ ಕರಗಿತು. ಫೈಲಿನ ಹೆಸರನ್ನಷ್ಟೇ ಕೊಟ್ಟು, ಇಡೀ ಫೈಲನ್ನು ರಸ್ಟೇ ಓದುವ ಹಾಗೆ ಮಾಡಿದೆ. ಒಳಗೆ ಪೈಥಾನಿನ ಜಿಐಎಲ್ ಬೀಗ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡು ಓಡಿಸಲು ಬಿಡುವ ಬೀಗ) ಬಿಟ್ಟು, ರಸ್ಟಿನ ರೇಯಾನ್ ಲೈಬ್ರರಿಯಿಂದ ಕೆಲಸವನ್ನು ಸಿಪಿಯುವಿನ ಎಲ್ಲಾ ಕೋರ್‌ಗಳಿಗೂ ಹಂಚಿದೆ. ಜಾಬ್ 25 ನಿಮಿಷಕ್ಕೆ ಬಂತು.

ಅಷ್ಟಕ್ಕೇ ಮುಖ್ಯ ಕೋಡಿಗೆ ಮರ್ಜ್ ಮಾಡಿ ಅಂತ ಕೇಳಲಿಲ್ಲ. ಎರಡು ವಾರ ಹಳೆಯದು, ಹೊಸದು ಎರಡನ್ನೂ ಅದೇ ಫೈಲುಗಳ ಮೇಲೆ ಓಡಿಸಿ ಫಲಿತಾಂಶ ಹೋಲಿಸಿದೆ. ಮೂರನೇ ದಿನ ವ್ಯತ್ಯಾಸ ಬಂತು. ಕೆಲವು ಸಾಲುಗಳಲ್ಲಿ ಸಂಖ್ಯೆಯ ಹಿಂದೆ ಒಂದು ಸ್ಪೇಸ್ ಇತ್ತು. ಅಕ್ಷರಗಳನ್ನು ಸಂಖ್ಯೆಯಾಗಿಸುವ ಪೈಥಾನಿನ ಇಂಟ್ ಅದನ್ನು ತಾನೇ ಕಳೆದು ಓದುತ್ತದೆ, ಅದೇ ಕೆಲಸದ ರಸ್ಟಿನ ಪಾರ್ಸ್ ತಪ್ಪು ಅನ್ನುತ್ತದೆ. ಇದನ್ನು ಊಹಿಸಬಹುದಿತ್ತು. ಊಹಿಸಲಾಗದ್ದು ಬೇರೆ: ಹಾಸನ ಕಡೆಯ ಒಬ್ಬ ಡೀಲರ್ ಕನ್ನಡ ಅಂಕಿಗಳಲ್ಲೇ ಸ್ಟಾಕ್ ತುಂಬುತ್ತಿದ್ದರು. "೧೨೩" ಅಂತ. ಪೈಥಾನ್ ಅದನ್ನು 123 ಅಂತ ಸದ್ದಿಲ್ಲದೆ ಓದುತ್ತಿತ್ತು, ಯಾಕೆಂದರೆ ಅದರ ಇಂಟ್ ಯೂನಿಕೋಡಿನ ಎಲ್ಲ ದಶಮಾಂಶ ಅಂಕಿಗಳನ್ನೂ ಒಪ್ಪುತ್ತದೆ. ರಸ್ಟಿನ ಪಾರ್ಸ್‌ಗೆ 0ಯಿಂದ 9ರ ಅಂಕಿಗಳು ಮಾತ್ರ ಗೊತ್ತು. ನನ್ನ ಕೋಡು ಅವರ ಸಾಲುಗಳನ್ನೆಲ್ಲ ಪಕ್ಕಕ್ಕೆ ತಳ್ಳುತ್ತಿತ್ತು.

ಇದನ್ನು ಬೆಳಗಿನ ಸ್ಟ್ಯಾಂಡಪ್‌ನಲ್ಲಿ ನಾನೇ ಹೇಳಿದೆ. ಹಳೆಯದು ಸರಿ, ನನ್ನದು ತಪ್ಪು, ಈ ಈ ಸಾಲು ಅಂತ ತೋರಿಸಿದೆ. ಟೀಮಿನ ಮನಸ್ಸು ಬದಲಾದದ್ದು ಅವತ್ತು ಅಂತ ನನಗೆ ಈಗಲೂ ಅನಿಸುತ್ತದೆ. 25 ನಿಮಿಷದ ಲೆಕ್ಕ ಕೊಟ್ಟಾಗ ಬರೀ ತಲೆಯಾಡಿಸಿದವರು, ಆ ದಿನ ಕುರ್ಚಿ ಎಳೆದುಕೊಂಡು ಬಂದು ಕೋಡು ನೋಡಿದರು.

"ಹೊಸ ಭಾಷೆ ಅಂದ್ರೆ ರಿಸ್ಕ್ ಅಲ್ವಾ?" ಅನ್ನುವವರಿಗೆ ನಿಮ್ಮದೇ ರಿಕ್ವೈರ್ಮೆಂಟ್ಸ್ ಫೈಲ್ (ಬಳಸುವ ಪೈಥಾನ್ ಪ್ಯಾಕೇಜುಗಳ ಪಟ್ಟಿ) ತೆರೆದು ತೋರಿಸಿ. ಡೇಟಾ ತಪಾಸಣೆಯ ಪೈಡ್ಯಾಂಟಿಕ್ 2 ಇದ್ದರೆ ಅದರ ಒಳಭಾಗ ರಸ್ಟ್, 2023ರಿಂದ. ಕ್ರಿಪ್ಟೋಗ್ರಫಿ ಪ್ಯಾಕೇಜಿಗೆ 2021ರಲ್ಲೇ ರಸ್ಟ್ ಬಂತು. ಕೋಡು ತಪಾಸಣೆಗೆ ರಫ್, ಪ್ಯಾಕೇಜ್ ಹಾಕಲು ಯುವಿ ಬಳಸುತ್ತಿದ್ದರೆ ಅವೂ ರಸ್ಟೇ. ನಮ್ಮ ಪ್ರೊಡಕ್ಷನ್‌ನಲ್ಲಿ ಎಷ್ಟೋ ದಿನದಿಂದ ರಸ್ಟ್ ಓಡುತ್ತಿತ್ತು, ಬರೆದವರು ನಾವಲ್ಲ ಅಷ್ಟೆ.

ಖರ್ಚನ್ನೂ ಮುಚ್ಚಿಡಬೇಡಿ. ಪ್ರತಿ ಬದಲಾವಣೆಗೂ ತಾನಾಗೇ ಓಡುವ ನಮ್ಮ ಸಿಐ ಬಿಲ್ಡ್ ನಿಧಾನವಾಯಿತು. ಹೊಸಬರಿಗೆ ಮೆಮೊರಿ ಬಳಕೆಯ ನಿಯಮ ನೋಡುವ ರಸ್ಟಿನ ಬಾರೋ ಚೆಕರ್ ಅರ್ಥವಾಗಲು ವಾರಗಳೇ ಬೇಕು. ಅದಕ್ಕೇ ನಾನು ಬೇಕಂತಲೇ ಸರಳವಾಗಿ ಬರೆದೆ: ಅಸಿಂಕ್ ಇಲ್ಲ, ಸ್ವಂತ ಮ್ಯಾಕ್ರೋ ಇಲ್ಲ, ಬೇಕಾದ ಕಡೆ ಕ್ಲೋನ್, ಅಂದರೆ ಡೇಟಾದ ನಕಲು. ಇನ್ನೂ ವೇಗ ಮಾಡಬಹುದಿತ್ತು, ಆದರೆ ಬೇರೆಯವರು ಓದುವುದು ಮುಖ್ಯ. ಇಬ್ಬರು ಸಹೋದ್ಯೋಗಿಗಳ ಜೊತೆ ಪ್ರತಿ ಶುಕ್ರವಾರ ಒಂದು ಗಂಟೆ ಕೂತೆ.

ಆ ವರ್ಷ ದೀಪಾವಳಿಗೆ ಊರಿನಲ್ಲಿದ್ದೆ. ಫೈಲಿನಲ್ಲಿ "ರಿಟರ್ನ್" ಅನ್ನುವ ಹೊಸ ಬಗೆಯ ಸಾಲು ಬಂದು ಜಾಬ್ ನಿಂತಿತು. ಆ ಇಬ್ಬರಲ್ಲಿ ಒಬ್ಬರು ಸಾಲಿನ ಬಗೆಗಳ ಪಟ್ಟಿಯಾದ ಈನಮ್‌ಗೆ ಒಂದು ಹೆಸರು ಸೇರಿಸಿದರು. ಅದನ್ನು ನೋಡಿಕೊಳ್ಳಬೇಕಾದ ಇನ್ನೆರಡು ಕಡೆಗಳನ್ನು ಕಂಪೈಲರೇ ಸಾಲಿನ ಸಂಖ್ಯೆ ಸಮೇತ ತೋರಿಸಿತು. ಸರಿ ಮಾಡಿ ಮಲಗಿದರು. ನನಗೆ ಗೊತ್ತಾದದ್ದು ಬೆಳಿಗ್ಗೆ ಮೆಸೇಜ್ ನೋಡಿದಾಗ.

ನೀವು ನಾಳೆಯೇ ನಿಮ್ಮ ಅತಿ ನಿಧಾನದ ಜಾಬ್ ಮೇಲೆ ಪೈ-ಸ್ಪೈ ಓಡಿಸಿ. ಸಮಯವೆಲ್ಲ ಡೇಟಾಬೇಸಿಗೆ ಕಾಯುವುದರಲ್ಲೇ ಹೋಗುತ್ತಿದ್ದರೆ ರಸ್ಟ್ ಬೇಡ, ಹುಡುಕಾಟ ಬೇಗ ಆಗುವಂತೆ ಡೇಟಾಬೇಸಿಗೆ ಒಂದು ಇಂಡೆಕ್ಸ್ ಹಾಕಿ ಸಾಕು. ಇಲ್ಲ, ಸಿಪಿಯು ಕೆಲಸವೇ ಜಾಸ್ತಿ ಇದ್ದರೆ ಯಾವ ಫಂಕ್ಷನ್ ಅಂತ ಕಮೆಂಟಿನಲ್ಲಿ ಬರೆಯಿರಿ. ಎಲ್ಲಿಂದ ಕತ್ತರಿಸುವುದು ಅಂತ ಸೇರಿ ನೋಡೋಣ.